ಮ್ಯಾಟಿನ ಕೆಳಗೊಂದು ರಸ್ತೆ

ತರಗತಿಯಲ್ಲಿ ಯಾವ ಪಾಠವನ್ನು ಚೆನ್ನಾಗಿ ಮಾಡುತ್ತೇನೋ, ಹೊರಗೆ ಬಂದು ಅದರಲ್ಲೇ ಎಡವುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ವಿದ್ಯುತ್ ಪಾಠ ಮುಗಿಸಿದ ವಾರವೇ ಇಸ್ತ್ರಿಪೆಟ್ಟಿಗೆಯಿಂದ ಶಾಕ್ ಹೊಡೆಸಿಕೊಂಡವಳು ನಾನು. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಕಬ್ಬಿಣಕ್ಕೆ ಗಾಳಿ, ನೀರು ಎರಡೂ ತಾಗಿದರೆ ತುಕ್ಕು ಹಿಡಿಯುತ್ತದೆ ಎಂದು ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಅಂಥವಳು ನಲವತ್ತೆಂಟನೇ ವಯಸ್ಸಿಗೆ ಡ್ರೈವಿಂಗ್ ಕಲಿತು, ತಾನೇ ಹೋಗಿ ಹಳೇ ಕಾರು ಆರಿಸಿ ತಂದಳು.

೧

ಮನೆ ನ್ಯಾಮತಿಯಲ್ಲಿ, ಶಾಲೆ ಗೋವಿನಕೋವಿ ದಾಟಿ ಇನ್ನೊಂದು ಹಳ್ಳಿಯಲ್ಲಿ. ಬಸ್ಸು ತಪ್ಪಿದರೆ ಪ್ರಾರ್ಥನೆಯೂ ತಪ್ಪುತ್ತಿತ್ತು. ಕಾರು ತಗೊಳ್ತೀನಿ ಅಂದಾಗ ನಮ್ಮ ಮನೆಯವರು ನಾನೂ ಬರುತ್ತೇನೆ ಅಂದರು. ನಾನು ಬೇಡ ಅಂದೆ. ಫ್ರಿಜ್ಜಿನಿಂದ ಹಿಡಿದು ಬಾಗಿಲ ಚಿಲಕದವರೆಗೆ ನಮ್ಮ ಮನೆಯಲ್ಲಿ ಎಲ್ಲವೂ ಅವರ ಆಯ್ಕೆ. ಇದೊಂದಾದರೂ ನನ್ನದಾಗಿರಲಿ ಎಂಬ ಆಸೆ. ಶಾಲೆಯ ಕನ್ನಡ ಟೀಚರನ್ನು ಜೊತೆಗೆ ಕರೆದುಕೊಂಡು ಚನ್ನಗಿರಿಗೆ ಹೋದೆ.

ಮಾರುವವರು ನಿವೃತ್ತರಾದ ಒಬ್ಬ ಹಿರಿಯರು. ಕಾರು ಥಳಥಳ ಹೊಳೆಯುತ್ತಿತ್ತು, ಒಳಗೆ ಮಲ್ಲಿಗೆ ಸೆಂಟಿನ ಪರಿಮಳ. ನಾನು ಸೀರೆ ನೋಡುವ ಹಾಗೆ ನೋಡಿದೆ: ಬಣ್ಣ ಹೇಗಿದೆ, ಎಲ್ಲಾದರೂ ಕಲೆ ಇದೆಯೇ ಅಂತ. ಕನ್ನಡ ಟೀಚರು ಕನ್ನಡಿ ತಿರುಗಿಸಿ ಕುಂಕುಮ ಸರಿಮಾಡಿಕೊಂಡು, ಕನ್ನಡಿ ಚೆನ್ನಾಗೈತೆ ಅಂದರು. ಬಗ್ಗಿ ಕೆಳಗೆ ನೋಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಕೀಲಿ ಕೊಡುವಾಗ ಹಿರಿಯರು ಕಣ್ಣೊರೆಸಿಕೊಂಡರು. ಅವರ ದುಃಖ ನೋಡಿ ನಾನೂ ಒರೆಸಿಕೊಂಡೆ. ಅದು ದುಃಖವಲ್ಲ ಎಂದು ನನಗೆ ತಿಳಿದದ್ದು ಮಳೆಗಾಲದಲ್ಲಿ.

೨

ಕನ್ನಡ ಟೀಚರು ದಿನಾ ನನ್ನ ಪಕ್ಕದ ಸೀಟಿನಲ್ಲಿ ಕೂತು ನೋಟ್‌ಬುಕ್ ತಿದ್ದುತ್ತಾ ಬರುತ್ತಿದ್ದರು. ಒಂದು ದಿನ ಅವರ ಕೆಂಪು ಪೆನ್ನು ಕಾಲ ಹತ್ತಿರ ಬಿತ್ತು. ಹುಡುಕಿದರೆ ಸಿಗಲಿಲ್ಲ. ಮರುವಾರ ಇನ್ನೊಂದು ಹೋಯಿತು. ಮೂರನೆಯದೂ ಮಾಯವಾದ ಮೇಲೆ ಅವರು ಮಾತು ಕಡಿಮೆ ಮಾಡಿದರು. ಸ್ಟಾಫ್ ರೂಮಿನಲ್ಲಿ ನಾನು ಬ್ಯಾಗು ತೆರೆದರೆ ಸಾಕು, ಒಳಗೇನಿದೆ ಎಂದು ಕಣ್ಣು ಹಾಯಿಸುವರು.

ಮೊದಲ ದೊಡ್ಡ ಮಳೆ ಬಂದ ಮರುದಿನ ನೀರು ನಿಂತ ಗುಂಡಿಯೊಂದಕ್ಕೆ ಕಾರು ಇಳಿಸಿದೆ. ಅವರ ಕಾಲ ಬಳಿಯಿಂದ ಕೆಸರುನೀರು ಕಾರಂಜಿಯಂತೆ ಮೇಲೆದ್ದು ಮಡಿಲವರೆಗೆ ಬಂತು. ಗಾಡಿ ನಿಲ್ಲಿಸಿ ಮ್ಯಾಟು ಎತ್ತಿದೆವು. ಅದರ ಕೆಳಗೆ ಇನ್ನೊಂದು ಮ್ಯಾಟು. ಅದನ್ನೂ ಎತ್ತಿದರೆ ಬಾಗಿಲ ಕಡೆಯ ತಗಡು ಹಪ್ಪಳದ ಹಾಗೆ ಮುರಿದುಕೊಂಡು, ಮ್ಯಾಟಿನ ಅಂಚಿಗೇ ಅಂಗೈ ಅಗಲದ ತೂತು. ಕನ್ನಡ ಟೀಚರು ಅದರೊಳಗೆ ಬಹಳ ಹೊತ್ತು ನೋಡಿದರು.

"ಮೇಡಂ, ರಸ್ತೆ ಕಾಣ್ತೈತೆ," ಅಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಕಣ್ರೀ," ಅಂದರು.

ನನ್ನ ಕಾರು ತೂತು ಎಂದು ಗೊತ್ತಾದ ದಿನವೇ ನಾನು ಕಳ್ಳಿಯಲ್ಲ ಎಂದೂ ಸಾಬೀತಾಯಿತು.

೩

ಹೊನ್ನಾಳಿಯ ಒಬ್ಬ ಟಿಂಕರಿಂಗ್ ಮೇಸ್ತ್ರಿಯ ಹತ್ತಿರ ತೋರಿಸಿದೆ. ಮಾತು ಕಡಿಮೆಯ ಮನುಷ್ಯ. ಕಾರಿನ ಕೆಳಗೆ ಮಲಗಿ ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಚುಚ್ಚಿದ. ಚುಚ್ಚಿದ ಕಡೆಯೆಲ್ಲ ಬೆಂದ ಗೆಣಸಿಗೆ ಹೋದಂತೆ ಸಲೀಸಾಗಿ ಒಳಗೆ ಹೋಯಿತು. ಕೆಂಪು ಪುಡಿ ಅವನ ಮುಖದ ಮೇಲೆ ಉದುರಿತು. ಯಾರೋ ಮೇಲಿಂದ ದಪ್ಪಗೆ ಕಪ್ಪು ಬಣ್ಣ ಬಳಿದು ಮುಚ್ಚಿದ್ದಾರೆ ಅಂದ. ಬಾಗಿಲುಗಳು ಚೆನ್ನಾಗಿವೆಯಲ್ಲ ಎಂದು ನಾನು ಸಮಾಧಾನ ಹುಡುಕಿದೆ. ಆತ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಬಾಗಿಲ ಕೆಳಭಾಗಕ್ಕೆ ಹಚ್ಚಿದ. ಅದು ನಿಲ್ಲದೆ ಕೆಳಗೆ ಬಿತ್ತು. ಇನ್ನೊಂದು ಕಡೆ ಹಚ್ಚಿದ. ಅಲ್ಲಿಯೂ ಬಿತ್ತು. ಅಲ್ಲೆಲ್ಲ ತಗಡು ತಿಂದುಹೋಗಿ ಬರೀ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದರು.

ಅಯಸ್ಕಾಂತದ ಪಾಠ ಮಾಡುವವಳು ನಾನು, ಜೇಬಿನಲ್ಲಿ ಇಟ್ಟುಕೊಂಡವನು ಅವನು. ನಾಚಿಕೆಯಿಂದಲೇ ಕೇಳಿದೆ, ಹಾಗಾದರೆ ಇದರಲ್ಲಿ ಕಬ್ಬಿಣ ಎಷ್ಟಿದೆ ಅಂತ.

ಆತ ಕೈ ಒರೆಸಿಕೊಂಡು ಯೋಚಿಸಿ ಹೇಳಿದ: "ಇಂಜಿನ್ ಕಬ್ಬಿಣಾನೇ ಮೇಡಂ. ಮಿಕ್ಕಿದ್ದು ನಂಬಿಕೆ."

೪

ತಳಕ್ಕೆ ಹೊಸ ತಗಡು ಬೆಸೆಯಲು ಕಾರು ಅಲ್ಲೇ ಬಿಟ್ಟೆ. ಮನೆಯಲ್ಲಿ ಮಾತ್ರ ಸರ್ವೀಸಿಗೆ ಬಿಟ್ಟಿದ್ದೇನೆ ಅಂದೆ. ನಾನೇ ಹೋಗಿ ಆರಿಸಿದ್ದು ಎಂಬ ಮಾತನ್ನು ಹೇಗೆ ನುಂಗಲಿ?

ಭಾನುವಾರ ಬಸ್ಸು ಹತ್ತಿ ಚನ್ನಗಿರಿಗೆ ಹೋದೆ. ದಾರಿಯುದ್ದಕ್ಕೂ ಜಗಳದ ಮಾತು ಜೋಡಿಸಿಕೊಂಡೆ. ಆ ಹಿರಿಯರು ನನ್ನನ್ನು ಕಂಡು ಗಾಬರಿಯಾಗಲಿಲ್ಲ, ಎಂದಾದರೂ ಬಂದೇ ಬರುತ್ತಾರೆ ಎಂದು ಕಾದವರಂತೆ ಕುರ್ಚಿ ಎಳೆದರು. ಅವರ ಹೆಂಡತಿ ಕಾಫಿ ಕೊಟ್ಟು, ಕಾರು ಮೊದಲು ಸಮುದ್ರದ ಕಡೆ ಉಪ್ಪುಗಾಳಿಯಲ್ಲಿ ಓಡಿದ್ದಂತೆ, ತಮಗೂ ಕೊಂಡ ಮೇಲೇ ಗೊತ್ತಾಯಿತು ಅಂದರು. ಹಿರಿಯರು ನೆಲ ನೋಡುತ್ತಾ ಹೇಳಿದರು: "ಹೇಳಾಕೆ ಬಾಯಿಗೆ ಬಂದಿತ್ತಮ್ಮ. ನೀವು ಸ್ಟೇರಿಂಗ್ ಹಿಡ್ಕೊಂಡು ಕೂತಾಗಿನ ಖುಷಿ ನೋಡಿ ಸುಮ್ನಾದೆ."

ಸುಳ್ಳೋ ನಿಜವೋ, ಜೋಡಿಸಿಕೊಂಡಿದ್ದ ಜಗಳ ಅಲ್ಲೇ ಕರಗಿತು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಯೋಚಿಸಿದೆ. ಅವರು ನನ್ನಿಂದ ಮುಚ್ಚಿಟ್ಟದ್ದನ್ನೇ ನಾನು ಮನೆಯಲ್ಲಿ ಮುಚ್ಚಿಡುತ್ತಿದ್ದೆ. ಬಣ್ಣ ಬಳಿದಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮನೆಗೆ ಬಂದು ಎಲ್ಲ ಹೇಳಿಬಿಟ್ಟೆ. ನಮ್ಮ ಮನೆಯವರು ಪೇಪರು ಕೆಳಗಿಡಲಿಲ್ಲ. ಮೊದಲ ವಾರ ಕಾರು ತೊಳೆಯುವಾಗಲೇ ಅವರಿಗೆ ಗೊತ್ತಾಗಿತ್ತಂತೆ. "ಅದಕ್ಕೇ ಇನ್ನೊಂದು ಮ್ಯಾಟ್ ಹಾಕಿದ್ದೆ. ಆಗ ಚಿಕ್ಕ ತೂತಿತ್ತು, ಇಷ್ಟಾಗುತ್ತೆ ಅನ್ಕೊಂಡಿರಲಿಲ್ಲ. ನೀನು ಖುಷಿಯಾಗಿದ್ದೆಯಲ್ಲ," ಅಂದರು.

ಚನ್ನಗಿರಿಯಿಂದ ನ್ಯಾಮತಿಯವರೆಗೆ ಎಲ್ಲರೂ ನನ್ನ ಖುಷಿ ಕಾಯುತ್ತಿದ್ದರು. ತುಕ್ಕು ಮಾತ್ರ ಯಾರ ಮುಖವನ್ನೂ ನೋಡದೆ ತನ್ನ ಕೆಲಸ ಮಾಡಿಕೊಂಡಿತ್ತು.

೫

ಎರಡು ವರ್ಷ ಓಡಿಸಿದೆ. ಆಮೇಲೆ ನ್ಯಾಮತಿಗೇ ವರ್ಗವಾಗಿ, ಕಾರು ಮಾರಲು ಹೊರಟೆ. ನೋಡಲು ಬಂದವರು ಜಗಳೂರಿನ ಒಬ್ಬ ಬಟ್ಟೆ ಅಂಗಡಿಯವರು. ಈ ಸಲ ಯಾರ ಖುಷಿಯನ್ನೂ ಕಾಯಬಾರದೆಂದು ನಿರ್ಧಾರ ಮಾಡಿದ್ದೆ. ಮ್ಯಾಟು ತೆಗೆದು ಬೆಸುಗೆ ತೋರಿಸಿದೆ. ಬಾಗಿಲಲ್ಲಿ ಪುಟ್ಟಿ ಎಲ್ಲೆಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ. ನೆಲದ ಮೇಲೆ ಗೋಣಿಚೀಲ ಹಾಸಿ, ಕೆಳಗೆ ಮಲಗಿ ನೋಡಿ ಅಂದೆ. ಅವರು ಮಲಗಲಿಲ್ಲ, ನಕ್ಕರು.

ನಾನು ಅಡಿಗೆಮನೆಗೆ ನೀರು ತರಲು ಹೋದಾಗ ಅವರು ನಮ್ಮ ಮನೆಯವರಿಗೆ ಹೇಳಿದ್ದು ಕೇಳಿಸಿತು: "ಮೇಡಂಗೆ ಮಾರಾಕೆ ಮನಸಿಲ್ಲ ಬಿಡ್ರಿ. ಗಾಡಿ ಅಷ್ಟು ಚೆನ್ನಾಗೈತೆ." ಚೌಕಾಸಿಯನ್ನೂ ಮಾಡದೆ, ನಾನು ಮನಸ್ಸು ಬದಲಾಯಿಸುವ ಮೊದಲೇ ಕಾರು ತೆಗೆದುಕೊಂಡು ಹೊರಟುಹೋದರು.

ತಿಂಗಳಾದ ಮೇಲೆ ಫೋನ್ ಮಾಡಿದರು. ದನಿ ಸಪ್ಪಗಿತ್ತು.

"ಮೇಡಂ, ನೀವು ಹೇಳಿದ್ದೆಲ್ಲ ನಿಜಾನೇ ಐತಲ್ರೀ."

ಹೌದು, ಹೇಳಿದ್ದೆನಲ್ಲ ಅಂದೆ.

"ಹೇಳಿದ್ರಿ. ಯಾರಾದ್ರೂ ಹಂಗೆ ಹೇಳ್ತಾರೇನ್ರೀ, ಅದಕ್ಕೇ ನಂಬಲಿಲ್ಲ."

ನನಗೆ ಪಾಪ ಅನ್ನಿಸಿತು. ಬೇಕಾದರೆ ಕಾರು ವಾಪಸು ತಂದುಕೊಡಿ ಅಂದೆ. ಅವರು ಬೇಡ, ಅದರ ಅಗತ್ಯವಿಲ್ಲ ಅಂದರು. ಆಮೇಲೆ ಸಂಕೋಚದಿಂದ ಕೇಳಿದರು:

"ಇಲ್ಲೊಬ್ರು ನಾಳೆ ಗಾಡಿ ನೋಡಾಕೆ ಬರ್ತಾರೆ. ಅವತ್ತು ನನಗೆ ಹೇಳಿದ್ರಲ್ಲ, ಅದನ್ನ ಹಂಗಿಂದ ಹಂಗೇ ಬರೆದು ಕಳಿಸ್ತೀರಾ?"