ನಮ್ಮೂರಿನ ಚರಿತ್ರೆಗೆ ಸಾಕ್ಷಿ ಹುಡುಕಿದ್ದು

ಅನುಮಾನ ಒಳ್ಳೆಯ ಗುಣವಲ್ಲ ಎಂದು ನಾನು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದ್ದೇನೆ. ಆದರೆ ಬಿಡದಿಯ ಕಡೆಯಿಂದ ಕಾರ್ಖಾನೆಗಳು ಒಂದೊಂದೇ ಹೊಲ ದಾಟಿ ಬೈರಮಂಗಲದ ದಿಕ್ಕಿಗೆ ಬರತೊಡಗಿದ ಆ ದಿನಗಳಲ್ಲಿ, ಅನುಮಾನವಿಲ್ಲದೆ ಬದುಕಿದ ಒಬ್ಬರನ್ನೂ ನಮ್ಮೂರಿನಲ್ಲಿ ಕಾಣಲಿಲ್ಲ. ಬಿಳಿ ಕಾರು ನಿಂತರೆ ದಲ್ಲಾಳಿ. ಬದುವಿನ ಮೇಲೆ ಯಾರಾದರೂ ಸುಮ್ಮನೆ ನಿಂತು ಸುತ್ತ ನೋಡಿದರೆ ಅಳತೆಯವರು. ನಮ್ಮೂರ ನಾಯಿಗಳೂ ಪಂಚೆಯವರನ್ನು ಬಿಟ್ಟು ಪ್ಯಾಂಟಿನವರನ್ನೇ ಅಟ್ಟಿಸಿಕೊಂಡು ಹೋಗುತ್ತಿದ್ದವು. ನಾನೂ ಪ್ಯಾಂಟು ಹಾಕುವವನೇ.

ಇಂಥ ಹೊತ್ತಿನಲ್ಲಿ ನಮ್ಮ ಹೆಡ್‌ಮೇಷ್ಟ್ರಿಗೆ ಶಾಲೆಯ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುವ ಹುರುಪು ಬಂತು. ಊರಿನ ಚರಿತ್ರೆ, ಹಳೆಯ ಕಲ್ಲು, ಕಟ್ಟೆ, ಗುಡಿಗಳ ವಿವರ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಹುಟ್ಟಿದೂರು, ಸಲೀಸು ಎಂದುಕೊಂಡು ನೋಟ್‌ಬುಕ್ ಹಿಡಿದು ಮೊದಲು ಸೋದರತ್ತೆ ಕೆಂಪಮ್ಮನ ಮನೆಗೆ ಹೋದೆ. ಅವಳ ರಾಗಿಹೊಲದ ಮೂಲೆಯಲ್ಲಿ ಒಂದು ವೀರಗಲ್ಲಿದೆ. ಕತ್ತಿ ಎತ್ತಿದ ಯೋಧ, ಅವನ ಹಿಂದೆ ಎರಡು ಹಸು. ಚಿಕ್ಕಂದಿನಲ್ಲಿ ಅದನ್ನು ಹತ್ತಿ ಬಿದ್ದು ನನ್ನ ಮುಂದಿನ ಹಲ್ಲು ಮುಕ್ಕಾಗಿತ್ತು. ಅತ್ತೆ ಮುದ್ದೆ ಇಟ್ಟಳು, ಉಪ್ಪೆಸರು ಬಿಟ್ಟಳು, ಆಮೇಲೆ ನೋಟ್‌ಬುಕ್ಕನ್ನು ನೋಡಿದಳು. ತಮ್ಮ ಹೊಲದಲ್ಲಿ ಅಂಥ ಕಲ್ಲೇ ಇಲ್ಲ ಎಂದುಬಿಟ್ಟಳು.

ನಾನು ಹಲ್ಲು ತೋರಿಸಿದೆ.

"ನೋಡಪ್ಪಾ, ಪೇಪರ್ ಇಡ್ಕಂಡ್ ಬಂದೋರು ಇಲ್ಲೀಗಂಟ ಏನೂ ಕೊಟ್ಟೋಗಿಲ್ಲ. ನೀನು ಒಸಿ ಉಂಡ್ಬುಟ್ಟು ಮನೆಗೋಗು," ಎಂದಳು.

ದಾರಿಯಲ್ಲಿ ಹೊಲದ ಕಡೆ ಇಣುಕಿದೆ. ಇಡೀ ವೀರಗಲ್ಲನ್ನು ರಾಗಿಹುಲ್ಲು ಪೇರಿಸಿ ಮುಚ್ಚಿದ್ದರು. ನನ್ನನ್ನು ಎತ್ತಿ ಆಡಿಸಿದವಳೇ ನನ್ನನ್ನು ಕಾರ್ಖಾನೆ ಕಡೆಯವನೆಂದು ಬಗೆದಿದ್ದಳು. ಪಕ್ಕದ ಮನೆಯ ಪುಟ್ಟಸ್ವಾಮಣ್ಣನಂತೂ ತನ್ನ ಜಮೀನು ಎಲ್ಲಿದೆ ಎಂಬುದೇ ಮರೆತುಹೋಗಿದೆ ಎಂದ.

ವಾರ ಕಳೆಯುವಷ್ಟರಲ್ಲಿ ಟೀ ಅಂಗಡಿಯಲ್ಲಿ ಹೊಸ ಸುದ್ದಿ ಹುಟ್ಟಿತು. ಹಳೇ ಕಾಲದ ಗುರುತು ಇರುವ ಜಮೀನನ್ನು ಸರ್ಕಾರ ಮುಟ್ಟುವುದಿಲ್ಲವಂತೆ, ಅದನ್ನೆಲ್ಲ ಮೇಷ್ಟ್ರು ಪಟ್ಟಿ ಮಾಡುತ್ತಿದ್ದಾರಂತೆ. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುವುದಕ್ಕೂ ಬಿಡದೆ ಜನ ಜಗಲಿಯಲ್ಲಿ ಕೂತಿದ್ದರು. ಅತ್ತೆಯ ಯೋಧ ಹುಲ್ಲಿನಿಂದ ಹೊರಬಂದು ಅರಿಶಿನ ಕುಂಕುಮ ಹಚ್ಚಿಸಿಕೊಂಡಿದ್ದ. ಪುಟ್ಟಸ್ವಾಮಣ್ಣನಿಗೆ ಜಮೀನು ನೆನಪಾಗಿತ್ತು. ಅಲ್ಲಿ ಬಿದ್ದಿದ್ದ ಒಡಕು ಒರಳುಕಲ್ಲು ಪಾಳೇಗಾರನೊಬ್ಬನ ಕುದುರೆ ನೀರು ಕುಡಿಯುತ್ತಿದ್ದ ಬಾನಿಯಂತೆ. ಅದರಲ್ಲಿ ಪುಟ್ಟಸ್ವಾಮಣ್ಣನ ತಾಯಿ ದೋಸೆಹಿಟ್ಟು ರುಬ್ಬುತ್ತಿದ್ದುದನ್ನು ನಾನೇ ಕಂಡಿದ್ದೆ. ಈಗ ಅನುಮಾನಪಡುವ ಸರದಿ ನನ್ನದು. ಒಬ್ಬೊಬ್ಬರನ್ನೂ ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಪೊಲೀಸರಂತೆ ಕೇಳಿದೆ. ಅನುಮಾನ ಬಂದದ್ದನ್ನೆಲ್ಲ ಕೆಂಪು ಇಂಕಿನಲ್ಲಿ ಹೊಡೆದುಹಾಕಿದೆ. ಉಳಿದ ಪ್ರತಿಯೊಂದರ ಮುಂದೆಯೂ ಹೇಳಿದವರ ಹೆಸರು ಬರೆದೆ. ಚರಿತ್ರೆ ಎಂದರೆ ಹುಡುಗಾಟವೇ?

ಸಂಜೆ ನನ್ನ ಹೆಂಡತಿ ಹುರುಳಿ ಆರಿಸುತ್ತಾ, ನೋಟ್‌ಬುಕ್ಕಿನ ಕಡೆ ನೋಡದೆಯೇ ಕೇಳಿದಳು: "ಊರೋರ ಹೊಲ್ದಲ್ಲೆಲ್ಲಾ ಏನೇನೋ ಐತೆ. ನಮ್ ಇಪ್ಪತ್ತು ಗುಂಟೇಲಿ ಏನೂ ಇಲ್ವಾ?"

ಅಪ್ಪ ಬಿಟ್ಟುಹೋದ ಆ ಇಪ್ಪತ್ತು ಗುಂಟೆ ರಸ್ತೆಯ ಅಂಚಿಗೇ ಇದೆ. ಊಟ ಮುಗಿಸಿ ನೋಟ್‌ಬುಕ್ಕನ್ನು ಮತ್ತೆ ಬಿಚ್ಚಿದೆ.

ಕಾರ್ಖಾನೆ ಕೊನೆಗೆ ರಸ್ತೆಯ ಆಚೆಯೇ ನಿಂತಿತು. ಅದಕ್ಕೂ ನನ್ನ ಪಟ್ಟಿಗೂ ಏನೂ ಸಂಬಂಧವಿರಲಿಲ್ಲ. ಆದರೆ ಅದು ಗೊತ್ತಾಗುವುದಕ್ಕೆ ಮೊದಲೇ ಸಂಚಿಕೆ ಅಚ್ಚಿಗೆ ಹೋಗಬೇಕಿತ್ತು. ಹೆಡ್‌ಮೇಷ್ಟ್ರು ಕನ್ನಡಕ ಏರಿಸಿಕೊಂಡು ನನ್ನ ಬರಹವನ್ನು ಸಾಲು ಸಾಲಾಗಿ ಓದಿದರು. ಕೊನೆಯ ಪುಟಕ್ಕೆ ಬಂದು ನಿಂತರು.

"ಎಲ್ಲದಕ್ಕೂ ಹೇಳಿದವರ ಹೆಸರು ಹಾಕಿದ್ದೀರಿ. ಈ ನಿಮ್ಮ ಹೊಲದಲ್ಲಿ ಪುರಾತನ ಗುಡಿಯ ಪಾಯ ಇದೆ ಅಂತ ಯಾರು ಹೇಳಿದ್ದು ಮೇಷ್ಟ್ರೇ?"

"ಊರಿನ ಹಿರಿಯರೊಬ್ಬರು, ಸಾರ್," ಎಂದೆ.

ನನಗೆ ಆಗ ನಲವತ್ತೆರಡು ತುಂಬಿತ್ತು.