ಸಾಕು ಎಂದರೆ ಕೇಳದ ಕುಕ್ಕರ್

"ವೇದಾ, ಮೂರೇ ನಿಮಿಷ! ನಿನ್ನ ಎಚ್ಚರಿಕೆಗಳೆಲ್ಲ ಸ್ವಾಹಾ!" ಎಂದು ನಮ್ಮ ಯಜಮಾನರು ತ್ರಯಂಬಕಯ್ಯನವರು ಒಂದು ಹಳೆಯ ರೈಸ್ ಕುಕ್ಕರನ್ನು ತಂದು ನನ್ನ ಆಫೀಸಿನ ಮೇಜಿನ ಮೇಲೆ ಕುಕ್ಕಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಇವರು ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಹೋದ ವರ್ಷ ಇವರ ಬಟ್ಟೆ ಮಡಿಸುವ ಯಂತ್ರ ಪಕ್ಕದ ಮನೆಯ ಬೆಕ್ಕನ್ನು ಮಡಿಸಲು ಹೋಗಿತ್ತು! ನಮ್ಮೂರಿನ ಅರವತ್ತೆರಡು ನೀರಿನ ಟ್ಯಾಂಕುಗಳನ್ನು ತುಂಬಿಸಿ ನಿಲ್ಲಿಸುವ ಪ್ರೋಗ್ರಾಂ ನಾನು ಇಪ್ಪತ್ತೆರಡು ವರ್ಷ ಕೂತು ಬರೆದದ್ದು. ಅದನ್ನು ಓದಿ ನೋಡುವ ಕಂಪೈಲರು "ಇಲ್ಲಿ ಎಡವುತ್ತೀಯ, ಅಲ್ಲಿ ಸೋರುತ್ತೆ" ಎಂದು ಹನ್ನೊಂದು ಸಾವಿರ ಎಚ್ಚರಿಕೆ ಕೊಟ್ಟಿತ್ತು. ಆರು ತಿಂಗಳು ಒಂದೊಂದನ್ನೇ ಸರಿಮಾಡಿ ಎರಡು ಸಾವಿರಕ್ಕೆ ಇಳಿಸಿದ್ದೆ. ಅವತ್ತು ಹತ್ತು ಗಂಟೆಗೆ ಪರಿಶೀಲನಾ ಸಮಿತಿ ಬರುವುದಿತ್ತು. ಅವರು ಬೇಡವೆಂದರೆ ನನ್ನ ಪ್ರೋಗ್ರಾಂ ಕಸದ ಬುಟ್ಟಿಗೆ, ನನಗೆ ಕಡತ ಜೋಡಿಸುವ ಕೆಲಸ!

"ರೀ, ಮುಟ್ಟಬೇಡಿ! ಕೈ ಮುಗೀತೀನಿ!"

"ಹೂಂ, ಆಯ್ತು" ಎಂದವರೇ ವೈರು ಸಿಕ್ಕಿಸಿಬಿಟ್ಟರು!

ಕುಕ್ಕರ್ ಸೀಟಿ ಹೊಡೆಯಿತು. ಪರದೆಯ ಮೇಲೆ ಎರಡು ಸಾವಿರ, ಸಾವಿರ, ನೂರು, ಸೊನ್ನೆ! ಒಂದು ಕ್ಷಣ ನಾನೂ ಬೆರಗಾದೆ. ಆಮೇಲೆ ಬಗ್ಗಿ ಕಿವಿಗೊಟ್ಟೆ. ಆ ದರಿದ್ರ ಕುಕ್ಕರ್ ಒಂದನ್ನೂ ಸರಿಮಾಡುತ್ತಿರಲಿಲ್ಲ. ಪ್ರತಿ ಎಚ್ಚರಿಕೆಗೂ "ಹೂಂ, ಆಯ್ತು" ಎಂದು ಅಳಿಸಿಹಾಕಿತ್ತು, ಅಷ್ಟೇ! ಎಲ್ಲಿ ಕಲಿಯಿತು ಎಂದು ಬೇರೆ ಕೇಳಬೇಕೆ? ಮೂವತ್ತು ವರ್ಷದಿಂದ ನಾನು ಹೇಳಿದ್ದಕ್ಕೆಲ್ಲ ಮನೆಯಲ್ಲಿ ಸಿಗುತ್ತಿರುವ ಉತ್ತರವೂ ಅದೇ.

"ಸಾಕೆಟ್ಟುಗಳನ್ನೂ ತಿದ್ದಿದೆ ಕಣೇ!" ಎಂದು ಇವರು ಬೀಗಿದರು.

ಸಾಕೆಟ್ ಎಂದರೆ ನನ್ನ ಪ್ರೋಗ್ರಾಮಿಗೂ ಟ್ಯಾಂಕಿಗೂ ನಡುವಿನ ಬಾಗಿಲು. ಟ್ಯಾಂಕು "ತುಂಬಿತು, ಸಾಕು" ಎಂದೊಡನೆ ನೀರು ನಿಲ್ಲಿಸಿ ಬಾಗಿಲು ಮುಚ್ಚಬೇಕು.

"ಏನು ತಿದ್ದಿದ್ರಿ?"

"ನಿನ್ನ ಪ್ರೋಗ್ರಾಮಿಗೆ ಮರ್ಯಾದೆ ಅನ್ನೋದೇ ಇಲ್ಲ! ಸಾಕು ಅಂದ ತಕ್ಷಣ ಮುಖದ ಮೇಲೆ ಬಾಗಿಲು ಹಾಕುತ್ತೆ. ಅದಕ್ಕೆ ನಮ್ಮ ನೆಂಟರ ಮದುವೆ ವೀಡಿಯೋಗಳನ್ನೆಲ್ಲ ಕುಕ್ಕರಿಗೆ ತೋರಿಸಿ, ಉಪಚಾರ ಕಲಿಸಿದ್ದೀನಿ!"

ಫೋನು ಬಡಿದುಕೊಂಡಿತು. ವಾಲ್ವ್‌ಮ್ಯಾನ್ ಶಿವನಂಜ.

"ಮೇಡಮ್ಮೋರೇ, ಕೋಟೆ ಬೀದಿ ಟ್ಯಾಂಕು ತುಂಬಿ ಚೆಲ್ತಾ ಐತೆ! ಅದು ಸಾಕು ಅಂದಷ್ಟೂ ನೀರು ಜಾಸ್ತಿ ಆಯ್ತೈತೆ!"

ಪರದೆಯ ತುಂಬ ಕುಕ್ಕರಿನ ಉತ್ತರಗಳು: "ಅಯ್ಯೋ, ಏನೂ ಹಾಕಿಸ್ಕೊಂಡೇ ಇಲ್ಲ! ಇನ್ನೊಂದು ಸೌಟು! ನಾಚ್ಕೋಬೇಡಿ!" ಅರವತ್ತೆರಡು ಟ್ಯಾಂಕಿಗೂ ಇದೇ ಬಲವಂತ. ಕಂಪೈಲರು "ಬಾಗಿಲು ಮುಚ್ಚಿಲ್ಲ!" ಎಂದು ಬಡಿದುಕೊಂಡಿದ್ದಕ್ಕೂ "ಹೂಂ, ಆಯ್ತು"!

ವೈರು ಕಿತ್ತೆ. ಅದಕ್ಕೆ ಬ್ಯಾಟರಿ ಬೇರೆ ಇತ್ತು! ಮುಚ್ಚಳಕ್ಕೆ ಕೈಹಾಕಿದರೆ "ಪಂಕ್ತಿ ಮಧ್ಯೆ ಏಳಬಾರದು!" ಎಂದು ಗದರಿ ಬೀಗ ಹಾಕಿಕೊಂಡಿತು. ಅಷ್ಟರಲ್ಲಿ ರಸ್ತೆಯ ನೀರು ಆಫೀಸಿನ ಮೆಟ್ಟಿಲೇರಿ ನನ್ನ ಚಪ್ಪಲಿ ತೇಲಿಸಿಕೊಂಡು ಹೋಯಿತು.

"ನಿಲ್ಲಿಸೋದು ಹೇಗ್ರೀ ಇದನ್ನ? ಬಾಯ್ಬಿಡಿ!"

"ಅದು... ಬಡಿಸೋರು ನಿಲ್ಲಿಸೋದು ಯಾವಾಗ? ಎಲೆಗೆ ಕೈ ಅಡ್ಡ ಹಿಡಿದಾಗ. ಹಿರಿಯರು ಎದ್ದರೆ ಪಂಕ್ತಿಯೇ ಏಳುತ್ತೆ. ಇಲ್ಲಿ ಹಿರಿಯರು ಅಂದ್ರೆ ದೊಡ್ಡ ಟ್ಯಾಂಕು. ಅದರ ಮೇಲಿರೋ ಕ್ಯಾಮೆರಾಕ್ಕೆ ಯಾರಾದ್ರೂ ಕೈ ಅಡ್ಡ ಹಿಡಿದ್ರೆ..."

"ಯಾರಾದ್ರೂ ಯಾರ್ರೀ? ನೀವೇ! ಹತ್ತಿ!"

ಆಫೀಸಿನ ಪಕ್ಕದಲ್ಲೇ ಇದ್ದ ದೊಡ್ಡ ಟ್ಯಾಂಕಿಗೆ ಏಣಿ ಹಾಕಿಸಿ ಹತ್ತಿಸಿದೆ. ಮೇಲೆ ಬೋರಲು ಮಲಗಿ ಎರಡೂ ಕೈ ಚಾಚಿದರು. ಕುಕ್ಕರ್ ತೇಗಿತು. ಬೀಗ ಕಳಚಿತು, ಅರವತ್ತೆರಡು ಟ್ಯಾಂಕುಗಳೂ ನಿಂತವು.

ಸರಿಯಾಗಿ ಹತ್ತಕ್ಕೆ ಸಮಿತಿ ಬಂತು, ನೀರು ತುಂಬಿದ ಬೂಟು ಕೈಯಲ್ಲಿ ಹಿಡಿದುಕೊಂಡು. ಅಧ್ಯಕ್ಷರು ಪರದೆ ನೋಡಿ, "ಭೇಷ್! ಎಚ್ಚರಿಕೆ ಒಂದೂ ಇಲ್ಲ!" ಎಂದರು.

ತಡೆಯಲಾಗಲಿಲ್ಲ. "ಒಂದೂ ಇಲ್ಲದ್ದಕ್ಕೇ ಸ್ವಾಮೀ, ನಿಮ್ಮ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿರೋದು!" ಎಂದು ಕುಕ್ಕರನ್ನು ಕಿತ್ತೆಸೆದು, ಶನಿವಾರ ತೆಗೆದಿಟ್ಟಿದ್ದ ನನ್ನ ಪ್ರೋಗ್ರಾಮಿನ ಪ್ರತಿಯನ್ನೇ ಮತ್ತೆ ಹಾಕಿದೆ. ಎರಡು ಸಾವಿರ ಎಚ್ಚರಿಕೆಗಳೂ ಮೇಲೆದ್ದವು. ಟ್ಯಾಂಕುಗಳು ಒಂದೊಂದಾಗಿ ತೆಪ್ಪಗೆ ಬಾಗಿಲು ಮುಚ್ಚಿಕೊಂಡವು. ಅಧ್ಯಕ್ಷರು ಬೂಟಿನಿಂದ ನೀರು ಬಗ್ಗಿಸಿ, ಕಡತದಲ್ಲಿ ಬರೆದರು: "ಈ ಪ್ರೋಗ್ರಾಮೇ ಇರಲಿ. ಈಯಮ್ಮನೂ ಇರಲಿ."

ಮೇಲಿನಿಂದ ಕೂಗು ಕೇಳಿಸಿತು. "ವೇದಾ! ಏಣಿ ಜಾರ್ತಾ ಇದೆ! ಬಂದು ಹಿಡ್ಕೊಳ್ಳೇ!"

"ಹೂಂ, ಆಯ್ತು" ಎಂದು ಮೊದಲನೆಯ ಎಚ್ಚರಿಕೆ ಓದಲು ಕೂತೆ.