ಲಾರಿಯಲ್ಲಿ ಬಂದ ಕೋಣೆ

ಮನೆ ಕಟ್ಟಿಸುವವರು ಮೇಸ್ತ್ರಿಗಳ ಹಿಂದೆ ತಿಂಗಳುಗಟ್ಟಲೆ ಅಲೆಯುವುದನ್ನು ಕಂಡಾಗಲೆಲ್ಲ ನನಗೆ ಮರುಕವಾಗುತ್ತಿತ್ತು. ಇಡೀ ಕೋಣೆಯನ್ನೇ ಶೆಡ್ಡಿನಲ್ಲಿ ತಯಾರಿಸಿ, ಲಾರಿಯಲ್ಲಿ ತಂದು, ಕ್ರೇನಿನಿಂದ ಇಳಿಸಿ ಹೋಗುವ ಕಾಲ ಇದು. ಈ ವಿಷಯ ನಮ್ಮ ಬೀದಿಯಲ್ಲಿ ನನ್ನೊಬ್ಬನಿಗೇ ಗೊತ್ತಿದೆ ಎಂದುಕೊಂಡಿದ್ದೆ.

ಕೋಣೆ ಬೇಕಾಗಿದ್ದು ನಮ್ಮ ಅತ್ತೆಯವರಿಗೆ. ಮಂಡಿಯ ಆಪರೇಷನ್ ಮುಗಿಸಿಕೊಂಡು ಅವರು ಆಸ್ಪತ್ರೆಯಿಂದ ನೇರವಾಗಿ ನಮ್ಮಲ್ಲಿಗೆ ಬರುವವರಿದ್ದರು. ಸವಳಂಗ ರಸ್ತೆಯ ಒಳಬೀದಿಯಲ್ಲಿರುವ ನಮ್ಮ ಮನೆಯಲ್ಲಿ ಮಲಗುವ ಕೋಣೆಗಳೆಲ್ಲ ಮಹಡಿಯ ಮೇಲೆ. ಮೆಟ್ಟಿಲು ಹತ್ತಿಸಲೇಬಾರದೆಂದು ಡಾಕ್ಟರು ಹೇಳಿದ್ದರು. ಮನೆಗೂ ಪಕ್ಕದ ಶೇಖರಪ್ಪನವರ ಕಾಂಪೌಂಡಿಗೂ ನಡುವೆ ಸ್ವಲ್ಪ ಜಾಗವಿತ್ತು. ಅಲ್ಲೊಂದು ರೆಡಿಮೇಡ್ ಕೋಣೆ ಇಡಿಸೋಣವೆಂದು ತೀರ್ಮಾನಿಸಿದೆ.

"ಗೊತ್ತಿರೋ ಮೇಸ್ತ್ರಿನ ಒಂದ್ಸಲ ಕೇಳಿ ನೋಡ್ರಿ" ಎಂದಳು ಹೆಂಡತಿ ವಿಮಲ.

ಕೇಳಲಿಲ್ಲ. ಭದ್ರಾವತಿಯ ಒಂದು ಶೆಡ್ಡಿಗೆ ಹೋಗಿ ಆರ್ಡರ್ ಕೊಟ್ಟೆ. ಟೈಲ್ಸ್, ಕಮೋಡು, ಹಿಡಿದುಕೊಳ್ಳಲು ಸ್ಟೀಲಿನ ಕಂಬಿ, ಎಲ್ಲವನ್ನೂ ಅಲ್ಲೇ ಕೂರಿಸುತ್ತೇವೆ ಎಂದರು. ಬಾಗಿಲು ಯಾವ ಕಡೆ ಇರಬೇಕೆಂದು ಆಮೇಲೆ ಫೋನಿನಲ್ಲಿ ಕೇಳಿದರು. ನಾನು ಜಗಲಿಯಲ್ಲಿ ರಸ್ತೆಗೆ ಮುಖ ಮಾಡಿ ನಿಂತಿದ್ದೆ. ಆ ಜಾಗದತ್ತ ಒಮ್ಮೆ ನೋಡಿ, "ಎಡಗಡೆ" ಎಂದೆ. ಅವರೂ "ಎಡಗಡೆ" ಎಂದರು. ಇಷ್ಟು ಸಲೀಸಾಗಿ ನನ್ನ ಜೀವನದಲ್ಲಿ ಯಾವ ಒಪ್ಪಂದವೂ ಆಗಿರಲಿಲ್ಲ.

ಅತ್ತೆಯವರ ಡಿಸ್ಚಾರ್ಜಿನ ಹಿಂದಿನ ದಿನ ಕೋಣೆ ಹೊರಟಿತು. ಮಲವಗೊಪ್ಪ ದಾಟಿದೆ ಎಂದು ಡ್ರೈವರ್ ಫೋನ್ ಮಾಡಿದಾಗ ಬೀದಿಯವರನ್ನೆಲ್ಲ ಕರೆದು ನಿಲ್ಲಿಸಿದೆ. ಅದು ಮೊದಲ ತಪ್ಪು, ಏಕೆಂದರೆ ಲಾರಿ ನಮ್ಮ ಬೀದಿಯ ತಿರುವಿಗೆ ಬಂದು ಸಿಕ್ಕಿಕೊಂಡಿತು. ಗೇಟಿನ ಅಗಲವನ್ನು ಟೇಪು ಹಿಡಿದು ಅಳೆದಿದ್ದ ನಾನು ತಿರುವನ್ನು ಅಳೆದಿರಲಿಲ್ಲ. ಹಿಂದೆ ಸ್ಕೂಲ್ ಬಸ್ಸು, ಮುಂದೆ ಹಾಲಿನ ಗಾಡಿ. ಮೂಲೆಮನೆಯವರ ಹೂವಿನ ಕಟ್ಟೆಯನ್ನು ಅವರ ಕಣ್ಣೆದುರೇ ಒಡೆಸಿ, ಹೊಸದು ಕಟ್ಟಿಸಿಕೊಡುತ್ತೇನೆಂದು ಕೈಮುಗಿದ ಮೇಲೆ ಲಾರಿ ಒಳಗೆ ಬಂತು.

ಆಮೇಲೆ ಕ್ರೇನಿನವನು ತಲೆಯೆತ್ತಿ ಕರೆಂಟ್ ವೈರುಗಳನ್ನು ತೋರಿಸಿದ. ಲೈನ್‌ಮನ್ ಬಂದು ಇಡೀ ಬೀದಿಯ ಕರೆಂಟ್ ತೆಗೆದ. ಅರ್ಧಕ್ಕೆ ನಿಂತ ಮಿಕ್ಸಿಗಳ ಒಡತಿಯರೆಲ್ಲ ಹೊರಗೆ ಬಂದರು. ಅವರನ್ನು ಸಮಾಧಾನ ಮಾಡುತ್ತ, ಮಜ್ಜಿಗೆ ಹಂಚುತ್ತ ಇದ್ದದ್ದರಿಂದ ಕೋಣೆ ಇಳಿದದ್ದನ್ನು ನಾನು ಸರಿಯಾಗಿ ನೋಡಲಿಲ್ಲ. ನೋಡಿದ್ದರೂ ಪ್ರಯೋಜನವಿರಲಿಲ್ಲ. ಅದರ ಮೈತುಂಬ ನೀಲಿ ಪ್ಲಾಸ್ಟಿಕ್ ಸುತ್ತಿದ್ದರು.

ಕ್ರೇನೂ ಲಾರಿಯೂ ಹೋದವು. ಕರೆಂಟ್ ಬಂತು. ನಾನೂ ವಿಮಲಳೂ ಪ್ಲಾಸ್ಟಿಕ್ ಬಿಚ್ಚಿದೆವು. ರಸ್ತೆ ಕಡೆ ಗೋಡೆ. ಹಿಂದುಗಡೆ ಗೋಡೆ. ಮನೆ ಕಡೆಯೂ ಗೋಡೆ.

"ಬಾಗಿಲು ಹಾಕ್ಸೋದು ಮರೆತ್ರಾ?" ಎಂದು ವಿಮಲ ಮೆಲ್ಲಗೆ ಕೇಳಿದಳು.

ಮರೆತಿರಲಿಲ್ಲ. ಬಾಗಿಲು ಶೇಖರಪ್ಪನವರ ಕಾಂಪೌಂಡಿನ ಕಡೆಗಿತ್ತು. ನಡುವೆ ಬೆಕ್ಕು ಹೋಗುವಷ್ಟು ಸಂದು. ನಾನು ಹೇಳಿದ್ದು ಜಗಲಿಯಲ್ಲಿ ನಿಂತವನ ಎಡಗಡೆ; ಶೆಡ್ಡಿನವರು ರಸ್ತೆಯಲ್ಲಿ ನಿಂತು ನೋಡುವವನ ಎಡಗಡೆ ಎಂದುಕೊಂಡಿದ್ದರು. ಮನೆ ಕಡೆಯ ಗೋಡೆಯನ್ನು ಕೊರೆದು ಬಾಗಿಲು ಮಾಡಬಹುದೇ ಎಂದು ಫೋನಿನಲ್ಲಿ ಕೇಳಿದೆ. ಗೋಡೆಯ ಮೇಲೇ ಸೂರು ನಿಂತಿದೆ, ಕೊರೆದರೆ ಎರಡೂ ಕೆಳಗೆ ಬರುತ್ತವೆ ಎಂದರು. ಕ್ರೇನು ಬೇರೆ ಕೆಲಸಕ್ಕೆ ಹೊಳಲೂರಿಗೆ ಹೋಗಿತ್ತು. ಮತ್ತೆ ಕರೆಂಟ್ ತೆಗೆಸುವ ಮಾತೆತ್ತಿದಾಗ ಬೀದಿಯ ಹೆಂಗಸರು ನನ್ನನ್ನು ನೋಡಿದ ರೀತಿಯನ್ನು ನಾನು ಇಲ್ಲಿ ವರ್ಣಿಸಲಾರೆ.

ಬೆಳಗಾದರೆ ಅತ್ತೆ ಬರುತ್ತಾರೆ. ವಿಮಲ ಬೈಯಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ಜಗಲಿಯಲ್ಲಿ ಕುಳಿತು, ಅಮ್ಮನಿಗೆ ಏನು ಹೇಳಲಿ ಎಂದು ಕಣ್ಣೊರೆಸಿಕೊಂಡಳು.

ಆಗ ಕಾಂಪೌಂಡಿನ ಆಚೆಯಿಂದ ಇಣುಕಿದ ಶೇಖರಪ್ಪನವರು ಹೇಳಿದರು: "ಹೋಗ್ಲಿ ಬಿಡಿ ಮಾರಾಯ್ರೆ. ಈ ಕಾಂಪೌಂಡ್ ಗೋಡೆನೇ ಒಂದಿಷ್ಟು ಒಡೆದುಬಿಡೋಣ. ಅಮ್ಮ ನಮ್ಮ ಅಂಗಳದಿಂದ ಓಡಾಡ್ಲಿ."

ಗೋಡೆ ಒಡೆದೆವು. ಅತ್ತೆಯವರು ಶೇಖರಪ್ಪನವರ ಗೇಟಿನಿಂದ ನನ್ನ ಕೋಣೆಗೆ ಗೃಹಪ್ರವೇಶ ಮಾಡಿದರು. ಬಾಗಿಲು ತೆರೆದರೆ ಅವರಿಗೆ ಕಾಣುವುದು ಶೇಖರಪ್ಪನವರ ಅಡುಗೆಮನೆ. ಬೆಳಗಿನ ಕಾಫಿ ಅಲ್ಲಿಂದಲೇ ಬರುತ್ತದೆ. ಶೇಖರಪ್ಪನವರ ಹೆಂಡತಿಯ ಕೈ ಹಿಡಿದುಕೊಂಡು ಅವರ ಅಂಗಳದಲ್ಲೇ ನಡೆದು ನಡೆದು ಮಂಡಿಯೂ ಸುಧಾರಿಸಿತು. ಕ್ರೇನ್ ಕರೆಸಿ ಕೋಣೆ ತಿರುಗಿಸೋಣವೇ ಎಂದು ಕೇಳಿದರೆ, ಇದ್ದ ಹಾಗೇ ಇರಲಿ ಎಂದರು ಅತ್ತೆ.

ಈಗ ಅತ್ತೆಯವರನ್ನು ಮಾತನಾಡಿಸಬೇಕಾದರೆ ನಾನು ನಮ್ಮ ಗೇಟು ದಾಟಿ, ಬೀದಿಗಿಳಿದು, ಶೇಖರಪ್ಪನವರ ಮನೆಗೆ ಹೋಗಬೇಕು. ಮೊನ್ನೆ ಮಾತ್ರೆ ಕೊಡಲು ಹೋದಾಗ ಅತ್ತೆ ನೆಂಟರೊಬ್ಬರ ಜೊತೆ ಹರಟುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ತೋರಿಸಿ, "ಪಕ್ಕದ ಮನೆಯಲ್ಲಿರ್ತಾರೆ. ನಮ್ಮ ಅಳಿಯಂದಿರು" ಎಂದು ಪರಿಚಯ ಮಾಡಿಕೊಟ್ಟರು.

ಮಾತ್ರೆ ಕೊಟ್ಟು ಹೊರಟೆ. ಹಿಂದಿನಿಂದ ಅವರ ದನಿ ಕೇಳಿಸಿತು.

"ಹೋಗ್ತಾ ಗೇಟ್ ಹಾಕ್ಕೊಂಡು ಹೋಗಿ. ದನ ನುಗ್ಗುತ್ವೆ."